ಇಲ್ಲದ ಹೂವಿಗೆ ಬಂದ ಬಹುಮಾನ

ನೆರೂಳದ ನಮ್ಮ ಫ್ಲ್ಯಾಟಿನಲ್ಲಿ, ನನ್ನ ಸೀರೆಗಳ ಕಪಾಟಿನ ಕೆಳಗಿನ ಖಾನೆಯಲ್ಲಿ, ಒಂದು ಹಳೆಯ ಫೋನ್ ಇದೆ. ತಿಂಗಳಿಗೊಮ್ಮೆ ಅದನ್ನು ಚಾರ್ಜಿಗೆ ಹಾಕುತ್ತೇನೆ. ಅದರಲ್ಲಿ ಸಿಮ್ ಇಲ್ಲ. ಅದನ್ನು ವೈಫೈಗೆ ಜೋಡಿಸಕೂಡದು ಎಂದು ಮನೆಯವರಿಗೆಲ್ಲ ತಾಕೀತು ಮಾಡಿದ್ದೇನೆ; ಬೆನ್ನಿಗೆ ಬಿಳಿ ಪಟ್ಟಿ ಅಂಟಿಸಿ ‘ನೋ ನೆಟ್, ಪ್ಲೀಸ್’ ಎಂದು ನನ್ನ ಕಾನ್ವೆಂಟ್ ಅಕ್ಷರದಲ್ಲಿ ಬರೆದೂ ಇದ್ದೇನೆ. ನೆಟ್ ಸಿಕ್ಕಿದರೆ ಅದರೊಳಗಿರುವ ಒಂದು ವಿಡಿಯೋ ಗೇಮ್ ತನ್ನಷ್ಟಕ್ಕೆ ಅಪ್‌ಡೇಟ್ ಆಗುತ್ತದೆ. ಆಗ ಆ ಆಟದ ಕೊನೆಯಲ್ಲಿರುವ ಒಂದು ರೊಟ್ಟಿ ಮಾಯವಾಗಿ, ಅದರ ಜಾಗದಲ್ಲಿ ಒಂದು ಚೆಂಡುಹೂವು ಬಂದು ಕೂರುತ್ತದೆ. ಬೇರೆ ಎಲ್ಲರ ಫೋನುಗಳಲ್ಲಿ ಆ ರೊಟ್ಟಿ ಎಂದೋ ಹೋಗಿದೆ. ಹೋದದ್ದಕ್ಕೆ ಕಾರಣ ಒಂದು ಅವಾರ್ಡ್. ಆ ಅವಾರ್ಡಿಗೆ ಕಾರಣ ನಾನು.

ಡೊಂಬಿವಲಿಯ ಕನ್ನಡ ಸಂಘದ ಇಬ್ಬರು ಹುಡುಗಿಯರು ಈ ವರ್ಷ ಗೇಮ್ ಕಂಪನಿಗಳಿಗೆ ಸೇರುತ್ತಿದ್ದಾರೆ. ‘ಆಂಟಿ, ನೀವು ಇಪ್ಪತ್ತು ವರ್ಷ ಅದೇ ಲೈನಿನಲ್ಲಿ ಇದ್ರಂತೆ, ದಿನವಿಡೀ ಆಡೋದೇ ಕೆಲಸವಂತೆ, ಸೋ ಲಕ್ಕಿ’ ಎಂದು ಹೇಳಿ, ಸಂಘದ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದರು. ಅವರಿಗಾಗಿ ಬರೆಯುತ್ತಿದ್ದೇನೆ. ಹೆದರಿಸಲು ಅಲ್ಲ. ಆದರೆ ಯಾವುದಾದರೂ ಗೇಮಿನ ಚಿತ್ರದ ಪಕ್ಕ ಎರಡು ಬಂಗಾರದ ಎಲೆಗಳ ನಡುವೆ ‘ವಿನ್ನರ್’ ಎಂದು ಬರೆದದ್ದು ಕಂಡಾಗ, ಒಳಗೆ ಕೆಂಪು ಬಣ್ಣ ಚುಚ್ಚಿದ ಕಲ್ಲಂಗಡಿಯನ್ನು ನೋಡುವಂತೆ ಒಂದು ಕ್ಷಣ ನಿಂತು ನೋಡುವುದನ್ನು ಕಲಿಯಲಿ ಎಂಬ ಆಸೆ.

ನನ್ನ ಅಪ್ಪ ಠಾಣೆಯ ಒಂದು ಉಡುಪಿ ಹೋಟೆಲಿನ ಗಲ್ಲೆಯಲ್ಲಿ ಕೂರುತ್ತಿದ್ದವರು. ಮನೆಯಲ್ಲಿ ತುಳು, ಬೀದಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್. ಕನ್ನಡ ನನಗೆ ಬಂದದ್ದು ಅಮ್ಮ ತರಿಸುತ್ತಿದ್ದ ವಾರಪತ್ರಿಕೆಗಳಿಂದ. ಶಾಲೆಯ ಸಿಸ್ಟರ್ ಒಬ್ಬರು ನಮಗೆ ಕಾಂಪೊಸಿಷನ್ ಕಲಿಸುವಾಗ, ಓದದ ಹಾಳೆಗೆ ಸಹಿ ಹಾಕಿದ ಹುಡುಗಿಯನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ನಾನು ಒಮ್ಮೆಯೂ ನಿಲ್ಲಲಿಲ್ಲ. ಆ ಜಂಬ ನನ್ನಲ್ಲಿ ಬಹಳ ವರ್ಷ ಉಳಿಯಿತು.

ಠಾಣೆಯ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಔಷಧಿ ಡಬ್ಬಿಗಳೊಳಗಿನ ಚೀಟಿಗಳ ಪ್ರೂಫ್ ನೋಡುತ್ತಿದ್ದೆ. ಪ್ರೆಸ್ ಮುಚ್ಚಿದ ಮೇಲೆ, ‘ಇಂಗ್ಲಿಷ್ ಚೆಕರ್ ಬೇಕು’ ಎಂಬ ಜಾಹೀರಾತು ನೋಡಿ ಮಹಾಪೆಯ ಒಂದು ಕಂಪನಿಗೆ ಹೋದೆ. ಹವಾಯಿ ಚಪ್ಪಲಿ ಹಾಕಿಕೊಂಡಿದ್ದ ಯುವಕನೊಬ್ಬ ಒಂದು ಹಾಳೆ ಕೊಟ್ಟು ತಪ್ಪು ಹುಡುಕಿ ಎಂದ. ಅವನೇ ಮಾಲೀಕ, ಮಿಲಿಂದ್. ಅವನಿಗೇ ಗೊತ್ತಿಲ್ಲದ ಎಂಟು ತಪ್ಪುಗಳನ್ನು ತೋರಿಸಿದೆ. ‘ಮ್ಯಾಡಮ್, ಸೋಮವಾರದಿಂದ ಬನ್ನಿ’ ಎಂದ. ಅದು ಗೇಮ್ ಕಂಪನಿ ಎಂದು ನನಗೆ ತಿಳಿದದ್ದು ಸೋಮವಾರ.

ಆಗ ಒತ್ತುವ ಕೀಲಿಗಳಿದ್ದ ಫೋನುಗಳ ಕಾಲ. ಒಂದೇ ಆಟವನ್ನು ಹತ್ತಾರು ಬಗೆಯ ಫೋನುಗಳಿಗೆ ಹೊಂದಿಸಬೇಕಿತ್ತು. ಹೋಟೆಲಿನಲ್ಲಿ ಪಲ್ಯ ಇಡುವಂಥ ಸ್ಟೀಲ್ ಟ್ರೇಗಳಲ್ಲಿ ಫೋನುಗಳನ್ನು ಜೋಡಿಸಿಟ್ಟುಕೊಂಡು ಒಂದಾದ ಮೇಲೊಂದನ್ನು ಆಡಿ ನೋಡುತ್ತಿದ್ದೆವು. ಗೆದ್ದವರಿಗೆ ಬರುವ ‘ಕಂಗ್ರಾಚ್ಯುಲೇಷನ್ಸ್’ ಎಂಬ ಪದ ಅರ್ಧಕ್ಕರ್ಧ ಫೋನುಗಳ ಪರದೆಯಲ್ಲಿ ಹಿಡಿಸುತ್ತಿರಲಿಲ್ಲ, ನಡುವೆಯೇ ತುಂಡಾಗುತ್ತಿತ್ತು. ಅದನ್ನು ತೆಗೆದು ‘ವೆಲ್ ಡನ್’ ಎಂದು ಹಾಕಿಸಿದ್ದು ಈ ಉದ್ಯಮಕ್ಕೆ ನನ್ನ ಮೊದಲ ಕೊಡುಗೆ.

ಪ್ರತಿ ಆಟಕ್ಕೂ ಒಂದು ಪರೀಕ್ಷೆಯ ಶೀಟ್ ಇರುತ್ತಿತ್ತು. ಅದರ ಕೊನೆಯ ಕಲಮು: ‘ಕೊನೆಯವರೆಗೆ ಆಡಲಾಗಿದೆ: ಹೌದು / ಇಲ್ಲ’. ನನ್ನ ಪಕ್ಕದ ಕುರ್ಚಿಯ ಶೀತಲ್, ಕಲ್ಯಾಣದ ಮರಾಠಿ ಹುಡುಗಿ, ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು, ಮೊದಲ ವಾರವೇ ನನಗೆ ಪಾಠ ಹೇಳಿದಳು: ಇಲ್ಲ ಎಂದು ಬರೆದರೆ ಶೀಟ್ ನಿಮ್ಮ ಮೇಜಿಗೇ ವಾಪಸು ಬರುತ್ತದೆ, ಇಲ್ಲಿ ಇಲ್ಲ ಎಂದು ಬರೆದವರು ಯಾರೂ ಇಲ್ಲ. ನಾನೂ ಹೌದು ಎಂದೇ ಬರೆದೆ. ಬೆಂಚಿನ ನೆನಪು ಮೊದಲೆರಡು ತಿಂಗಳು ಚುಚ್ಚಿತು, ಆಮೇಲೆ ಇಲ್ಲ. ಒಮ್ಮೆ ಒಂದು ಕ್ರಿಕೆಟ್ ಆಟದಲ್ಲಿ ಎರಡೂ ತಂಡಗಳ ರನ್ ಸಮವಾದರೆ ಫೋನೇ ಸ್ತಬ್ಧವಾಗುತ್ತಿತ್ತು. ಮೂವರು ‘ಹೌದು’ ಎಂದು ಬರೆದಿದ್ದ ಶೀಟ್ ಅದು. ಪತ್ತೆಹಚ್ಚಿದ್ದು ಪುಣೆಯ ಒಬ್ಬ ಬ್ಯಾಂಕ್ ಮ್ಯಾನೇಜರ್. ಅವರು ಫೋನ್ ಮಾಡಿ ನನಗೆ ಶುದ್ಧ ಮರಾಠಿಯಲ್ಲಿ ಹತ್ತು ನಿಮಿಷ ಬೈದರು. ಅವರು ಕೊನೆಯವರೆಗೆ ಆಡಿದ್ದರು ಎಂಬುದರಲ್ಲಿ ಮಾತ್ರ ಸಂಶಯವೇ ಇರಲಿಲ್ಲ.

ಟಚ್ ಫೋನುಗಳು ಬಂದ ಮೇಲೆ ಟ್ರೇಗಳು ಹೋದವು, ಅವಾರ್ಡುಗಳು ಬಂದವು. ಒಂದು ಬೆಳಿಗ್ಗೆ ಮಿಲಿಂದ್ ನನ್ನನ್ನು ಕರೆದು, ಇನ್ನು ಮುಂದೆ ಅವಾರ್ಡಿನ ಅರ್ಜಿಗಳನ್ನು ನೀವೇ ಬರೆಯಬೇಕು ಎಂದ. ನಿಮ್ಮ ಇಂಗ್ಲಿಷ್ ಓದಿದರೆ ಯಾರೋ ತೀರಿಕೊಂಡ ಹಾಗೆ ಅನ್ನಿಸುತ್ತದೆ, ಜ್ಯೂರಿಗೆ ಅದೇ ಬೇಕು ಎಂದ. ಇದನ್ನು ಹೊಗಳಿಕೆ ಎಂದೇ ಹೇಳಿದ, ನಾನೂ ಹಾಗೆಯೇ ತೆಗೆದುಕೊಂಡೆ. ಹೊಸ ಆಟ ಫೋನಿನ ಆ್ಯಪ್ ಅಂಗಡಿಯ ಪುಟದಲ್ಲಿ ಎರಡು ವಾರ ಕಣ್ಣಿಗೆ ಬೀಳುತ್ತದೆ, ಆಮೇಲೆ ರಾಶಿಯಡಿ ಹೂತುಹೋಗುತ್ತದೆ. ಪಕ್ಕದಲ್ಲಿ ಬಂಗಾರದ ಎಲೆಗಳಿದ್ದರೆ ಇನ್ನೆರಡು ವಾರ ಉಸಿರಾಡುತ್ತದೆ. ವಿದೇಶದ ಪಬ್ಲಿಷರ್‌ಗಳು ನಮ್ಮ ಶೋಕೇಸ್ ನೋಡಿಯೇ ಮುಂದಿನ ಕೆಲಸ ಕೊಡುತ್ತಾರೆ. ಇದು ಅವನ ವಿವರಣೆ. ಅಂದರೆ ಅವಾರ್ಡ್ ಎನ್ನುವುದು ಮುಗಿದ ಕೆಲಸಕ್ಕೆ ಬಹುಮಾನವಲ್ಲ, ಬರುವ ಕೆಲಸಕ್ಕೆ ವಿಸಿಟಿಂಗ್ ಕಾರ್ಡ್.

ವಾಶಿಯ ಒಂದು ಸಭಾಂಗಣದಲ್ಲಿ ಮೊದಲ ಸಮಾರಂಭಕ್ಕೆ ಹೋದಾಗ ನನಗೆ ವಿಚಿತ್ರವಾಗಿ ಕಂಡದ್ದು ಒಂದೇ: ಹಣ ಕೊಟ್ಟು ಟೇಬಲ್ ಕಾಯ್ದಿರಿಸಿದ್ದ ಯಾವ ಕಂಪನಿಯೂ ಬರಿಗೈಯಲ್ಲಿ ಹೊರಡಲಿಲ್ಲ. ಅತ್ಯುತ್ತಮ ಆಟ, ಸಣ್ಣ ಕಂಪನಿಯ ಅತ್ಯುತ್ತಮ ಆಟ, ಭರವಸೆಯ ಸಣ್ಣ ಕಂಪನಿಯ ಅತ್ಯುತ್ತಮ ಆಟ. ನಮಗೆ ಸಿಕ್ಕಿದ್ದು ಅತ್ಯುತ್ತಮ ಧ್ವನಿಗಾಗಿ. ಲೋಕಲ್ ಟ್ರೇನಿನಲ್ಲಿ ಎಲ್ಲರೂ ಸೌಂಡ್ ಬಂದ್ ಮಾಡಿಕೊಂಡು ಆಡುವ ಆಟ ಅದು. ಸೌಂಡ್ ಮಾಡಿದ ಹುಡುಗಿ ಆಟ ಹೊರಬರುವ ಮೂರು ತಿಂಗಳ ಮೊದಲೇ ಕೆಲಸ ಬಿಟ್ಟಿದ್ದಳು. ಆಟ ಹೊರಬರುವಾಗ ಹಾಜರಿಯಲ್ಲಿ ಇಲ್ಲದವರ ಹೆಸರು ಆಟದ ಕೊನೆಯಲ್ಲಿ ಬರುವ ಮಾಡಿದವರ ಪಟ್ಟಿಯಲ್ಲಿಯೂ ಇರುವುದಿಲ್ಲ. ನಮ್ಮಲ್ಲಿ ಮಾತ್ರವಲ್ಲ, ಆಗ ಬಹಳ ಕಡೆ ಅದೇ ರೂಢಿ. ಸ್ಟೇಜಿಗೆ ಹೋದವರು ಮಿಲಿಂದ್ ಮತ್ತು ಸೇಲ್ಸಿನ ಇಬ್ಬರು. ಆ ಗಾಜಿನ ಟ್ರೋಫಿಯ ಹೆಸರಿನ ಪಟ್ಟಿ ಎರಡೇ ವಾರಗಳಲ್ಲಿ ಕಿತ್ತು ಬಂತು. ಅದರ ಕೆಳಗೆ ಇನ್ನೊಂದು ಪಟ್ಟಿ ಇತ್ತು, ಇನ್ಯಾವುದೋ ವಿಭಾಗದ್ದು. ಶೀತಲ್ ಫೆವಿಕಾಲ್ ತಂದು ಮೇಲಿನದನ್ನು ಮತ್ತೆ ಅಂಟಿಸಿದಳು.

ಮರುವರ್ಷ ನನ್ನನ್ನು ಜ್ಯೂರಿಗೇ ಕರೆದರು, ಬೇರೆ ಊರಿನ ಬೇರೆ ಸಂಸ್ಥೆಯೊಂದರವರು. ಒಬ್ಬ ಮಹಿಳೆ ಬೇಕಿತ್ತು, ಒಬ್ಬ ಸೀನಿಯರ್ ಬೇಕಿತ್ತು, ನಾನು ಎರಡೂ ಆಗಿ ಒಂದೇ ಕುರ್ಚಿಯಲ್ಲಿ ಹಿಡಿಸಿದೆ. ಒಂಬತ್ತು ದಿನಗಳಲ್ಲಿ ಹದಿನೆಂಟು ಆಟ. ಆಫೀಸಿನ ಕೆಲಸ ಮುಗಿಸಿ ನೆರೂಳದ ಬಸ್ಸಿನಲ್ಲಿ ಕುಳಿತು ಒಂದೊಂದನ್ನೂ ತೆರೆಯುತ್ತಿದ್ದೆ. ಎಲ್ಲದರ ಮೊದಲ ಅರ್ಧ ಗಂಟೆ ಸೊಗಸು. ಅದರಾಚೆ ಹೋದರೆ ಹಾರ್ಬರ್ ಲೈನಿನ ಟ್ರೇನಿನಿಂದ ಕಾಣುವ ಬಿಲ್ಡಿಂಗುಗಳ ಹಿಂಭಾಗದ ಹಾಗೆ: ಬಣ್ಣವಿಲ್ಲ, ಬರೀ ಪೈಪು. ಜ್ಯೂರಿ ಎಲ್ಲಿಯವರೆಗೆ ಬರುತ್ತಾರೆಂದು ಮಾಡಿದವರಿಗೆ ಗೊತ್ತು, ಅಲ್ಲಿಯವರೆಗೆ ಬಣ್ಣ. ಏಳನೆಯ ಆಟದ ಹೊತ್ತಿಗೆ ನಾನು ಅರ್ಜಿಗಳನ್ನು ಓದಿ ಅಂಕ ಕೊಡತೊಡಗಿದ್ದೆ. ಒಂದು ಆಟ ನನ್ನ ಫೋನಿನಲ್ಲಿ ತೆರೆಯಲೇ ಇಲ್ಲ. ಅವಮಾನವೂ ಆಗದಿರಲಿ, ಉಪಕಾರವೂ ಆಗದಿರಲಿ ಎಂದು ಅದಕ್ಕೆ ಹತ್ತರಲ್ಲಿ ಏಳು ಕೊಟ್ಟೆ. ಅದು ಗೆದ್ದಿತು. ಅದರಲ್ಲಿ ಏನಿತ್ತೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಆದ್ದರಿಂದ ಅವಾರ್ಡುಗಳ ಮೇಲಿನ ನನ್ನ ಸಂಶಯವನ್ನು ಹೊರಗಿನವಳ ಹೊಟ್ಟೆಕಿಚ್ಚು ಎಂದುಕೊಳ್ಳಬೇಡಿ. ಅಡುಗೆಮನೆಯಲ್ಲಿ ನಿಂತು ನೋಡಿದವಳ ಮಾತು ಇದು.

ಇನ್ನು ರೊಟ್ಟಿಯ ವಿಷಯ.

ಗಿರೀಶ ನಮ್ಮಲ್ಲಿಗೆ ಬಂದದ್ದು ನನ್ನ ರಿಟೈರ್‌ಮೆಂಟಿಗೆ ಮೂರು ವರ್ಷ ಇದ್ದಾಗ. ಆಟಗಳಿಗೆ ಕತೆ ಬರೆಯುವವನು. ಗದಗಿನ ಕಡೆಯ ಕುಟುಂಬ, ಬೆಳೆದದ್ದು ಡೊಂಬಿವಲಿ ಪೂರ್ವದ, ಒಂದೇ ಕೋಣೆಯ ಖೋಲಿಗಳು ಸಾಲಾಗಿರುವ ಒಂದು ಚಾಳಿನಲ್ಲಿ, ತಂದೆ ಕಲ್ಯಾಣದ ಬಟ್ಟೆ ಅಂಗಡಿಯಲ್ಲಿ ಸೇಲ್ಸ್‌ಮನ್. ಆಫೀಸಿನಲ್ಲಿ ಎಲ್ಲರೊಡನೆ ಹಿಂದಿ–ಮರಾಠಿ, ನನ್ನೊಡನೆ ಮಾತ್ರ ಅಜ್ಜಿಯಿಂದ ಕಲಿತ ಕನ್ನಡ. ನನ್ನನ್ನು ಮರಾಠಿಯಲ್ಲಿ ಮೌಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದ. ‘ಮೌಶಿ, ನೀವು ಮಾತಾಡಿದ್ರ ಪೇಪರ್ ಓದಿದಂಗ ಆಗ್ತದ ನೋಡ್ರಿ’ ಎಂದು ನಗುತ್ತಿದ್ದ. ನಾನೂ ಬಿಡುತ್ತಿರಲಿಲ್ಲ, ‘ನೀನು ಮಾತಾಡಿದರೆ ಜಗಳ ಶುರುವಾದ ಹಾಗೆ ಮಾರಾಯ’ ಎನ್ನುತ್ತಿದ್ದೆ.

ಅವನ ಅಜ್ಜಿ ಕೌದಿ ಹೊಲಿಯುತ್ತಿದ್ದವರು. ಹಳೆಯ ಸೀರೆ, ಅಂಗಿ, ಅಂಗಡಿಯಲ್ಲಿ ಉಳಿದ ತುಂಡು ಬಟ್ಟೆ, ಎಲ್ಲ ಸೇರಿಸಿ ಹೊದಿಕೆ ಮಾಡುವುದು. ಗಿರೀಶ ಅದನ್ನೇ ಆಟ ಮಾಡಿದ. ಆಡುವವರು ಒಬ್ಬ ಮುದುಕಿಯಾಗಿ ಚಾಳಿನ ಖೋಲಿ ಖೋಲಿಗೂ ಹೋಗಿ ಹಳೆಯ ಬಟ್ಟೆ ಕೇಳಬೇಕು. ಕೊಡುವವರು ಬಟ್ಟೆಯ ಜೊತೆ ಒಂದು ಮಾತನ್ನೂ ಕೊಡುತ್ತಾರೆ. ಯಾರ ಅಂಗಿ, ಯಾವಾಗಿನದು, ಯಾಕೆ ಎಸೆಯಲಿಲ್ಲ. ತುಂಡುಗಳನ್ನು ಬೆರಳಿನಿಂದ ಹೊಲಿಯುತ್ತ ಹೋಗಬೇಕು. ಗುಂಡು ಹಾರಿಸುವುದಿಲ್ಲ, ಓಡುವುದಿಲ್ಲ. ಮುಗಿಸಲು ಆರು ಗಂಟೆ ಬೇಕು. ಇಂಥದ್ದು ನಮ್ಮ ಕಂಪನಿಯಲ್ಲಿ ಹಿಂದೆ ಆಗಿರಲಿಲ್ಲ. ಮಿಲಿಂದ್ ಒಪ್ಪಿದ್ದೇ ಆಶ್ಚರ್ಯ. ಅವಾರ್ಡಿನ ಆಸೆಯಿಂದಲೇ ಒಪ್ಪಿದ ಎಂದು ನನ್ನ ಗುಮಾನಿ. ಆದರೂ ಒಪ್ಪಿದ, ಅದನ್ನು ಹೇಳಲೇಬೇಕು.

ಕೌದಿಯ ಕೊನೆಯ ಮೂಲೆಯನ್ನು ಮುಚ್ಚುವ ಮೊದಲು ಅಜ್ಜಿ ಅದರೊಳಗೆ ಏನಾದರೂ ಇಡುತ್ತಿದ್ದರಂತೆ. ಖಾಲಿ ಮುಚ್ಚಬಾರದು. ಮೊದಲ ಆವೃತ್ತಿಯಲ್ಲಿ ಚಿತ್ರ ಬರೆಯುವವರು ಚೆಂದ ಕಾಣುತ್ತದೆಂದು ಒಂದು ಚೆಂಡುಹೂವನ್ನು ಬರೆದರು. ಅಷ್ಟರಲ್ಲಿ ಅವಾರ್ಡಿನ ಅರ್ಜಿಗೆ ಕೊನೆಯ ದಿನ ಬಂತು. ಇದನ್ನೂ ನೀವು ತಿಳಿದುಕೊಳ್ಳಬೇಕು, ಮಕ್ಕಳೇ: ಅರ್ಜಿಯ ಗಡುವು ಆಟ ಮುಗಿಯುವ ಮೊದಲೇ ಬರುತ್ತದೆ. ಇಲ್ಲದ ಆಟವನ್ನು ಹೊಗಳಿ ಬರೆಯುವ ಕಲೆಯೇ ನನ್ನ ಕೆಲಸವಾಗಿತ್ತು. ಗಿರೀಶನ ಕತೆಯ ಹಾಳೆಗಳನ್ನಿಟ್ಟುಕೊಂಡು ನಾನು ಇಂಗ್ಲಿಷಿನಲ್ಲಿ ಬರೆದೆ. ಅದರ ಸಾರ: ‘ಕೊನೆಯ ಮೂಲೆಯಲ್ಲಿ ಮುದುಕಿ ಒಂದು ಹೂವನ್ನಿಟ್ಟು ಹೊಲಿಯುವಾಗ ಆಡುವವರ ಬೆರಳು, ಯಾರೂ ಹೇಳದೆಯೇ, ನಿಧಾನವಾಗುತ್ತದೆ.’ ಬರೆದ ಮೇಲೆ ನಾನೇ ಎರಡು ಸಲ ಓದಿಕೊಂಡೆ. ಆ ಎರಡು ಕಾಮಾಗಳು ನನಗೆ ಬಹಳ ಹಿಡಿಸಿದವು.

ಗಿರೀಶ ಮನೆಗೆ ಹೋಗಿ ಅಜ್ಜಿಗೆ ಫೋನಿನಲ್ಲಿ ಆ ಕೊನೆಯನ್ನು ತೋರಿಸಿದ. ಅಜ್ಜಿ ನೋಡಿ, ‘ಹೂವ ಯಾರ ಹೊಟ್ಟಿ ತುಂಬಸ್ತದೋ?’ ಎಂದರಂತೆ. ಅವರು ಇಡುತ್ತಿದ್ದದ್ದು ರೊಟ್ಟಿಯ ತುಂಡು. ಮಕ್ಕಳನ್ನು ಹೊದ್ದಿಸುವ ಕೌದಿ ಹಸಿದಿರಬಾರದು. ಗಿರೀಶ ಮರುದಿನವೇ ಹೂವನ್ನು ತೆಗೆಸಿ ರೊಟ್ಟಿ ಹಾಕಿಸಿದ. ಆಫೀಸಿನಲ್ಲಿ ಎಲ್ಲರಿಗೂ ಈ ಮಾತು ಹೇಳಿದ, ನನಗೂ ಹೇಳಿದ. ನಾನು ತಲೆ ಆಡಿಸಿದೆ. ಸಲ್ಲಿಸಿದ ಅರ್ಜಿಯನ್ನು ತಿದ್ದಲು ಇನ್ನೂ ಒಂದು ವಾರ ಅವಕಾಶ ಇತ್ತು, ತಿದ್ದಲಿಲ್ಲ, ಮರೆತೆ. ಆಟ ಹೊರಬರುವ ಮೊದಲೇ ಅಜ್ಜಿ ತೀರಿಕೊಂಡರು. ಆ ಆಟದ ಬಗ್ಗೆ ಅವರು ಆಡಿದ್ದು ಅದೊಂದೇ ಮಾತು.

ಮುಗಿದ ಆಟ ನನ್ನ ಮೇಜಿಗೆ ಪರೀಕ್ಷೆಗೆ ಬಂದಾಗ ಮೂರು ಖೋಲಿಗಳವರೆಗೆ ಆಡಿದೆ. ಪಕ್ಕದಲ್ಲಿ ಬೇರೆ ಆಟಗಳ ಶೀಟುಗಳ ಗುಡ್ಡೆ ಇತ್ತು. ಕೊನೆಯ ಕಲಮಿನಲ್ಲಿ ‘ಹೌದು’ ಎಂದು ಬರೆದೆ. ಅದೇ ಆಟ, ರೊಟ್ಟಿಯೊಂದಿಗೆ, ಜ್ಯೂರಿಯ ಕೈಗೂ ಹೋಯಿತು.

ಸಮಾರಂಭ ಮತ್ತೆ ವಾಶಿಯಲ್ಲಿ, ಒಂದು ಶನಿವಾರ ಮಧ್ಯಾಹ್ನ. ಅತ್ಯುತ್ತಮ ಕಥನಕ್ಕಾಗಿ ನಮ್ಮ ಹೆಸರು ಬಂತು. ಗಿರೀಶ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಮಿಲಿಂದನ ಪಕ್ಕ ಸ್ಟೇಜಿನ ಮೇಲೆ ನಿಂತ. ನಿರೂಪಕಿ ಜ್ಯೂರಿಯ ಮಾತುಗಳನ್ನು ಓದಿದಳು. ‘ಕೊನೆಯ ಮೂಲೆಯಲ್ಲಿ ಮುದುಕಿ ಒಂದು ಹೂವನ್ನಿಟ್ಟು ಹೊಲಿಯುವಾಗ’ ಎಂದು ಶುರುವಾದದ್ದು ಕೇಳಿ, ನಿಜ ಹೇಳುತ್ತೇನೆ, ನನಗೆ ಮೊದಲು ಆದದ್ದು ಸಂತೋಷ. ನನ್ನ ವಾಕ್ಯ. ನಾನು ಕಾಮಾ ಇಟ್ಟ ಕಡೆಯೇ ಆಕೆ ತಡೆದು ತಡೆದು ಓದಿದಳು. ಆಮೇಲೆ ಹೂವು ನೆನಪಾಯಿತು. ಸ್ಟೇಜಿನ ಮೇಲೆ ಗಿರೀಶ ನಗುತ್ತಲೇ ಇದ್ದ, ಆದರೆ ಕ್ಯಾಮೆರಾ ಬಿಟ್ಟು ನಮ್ಮ ಟೇಬಲ್ ಕಡೆ ನೋಡುತ್ತಿದ್ದ.

ಆ ಸಂಜೆ ವಾಶಿ ಸ್ಟೇಷನ್ನಿಗೆ ಇಬ್ಬರೂ ನಡೆದೆವು. ಅವನು ಠಾಣೆಯ ಕಡೆ, ನಾನು ನೆರೂಳದ ಕಡೆ. ಅವನ ಟ್ರೇನ್ ಬರುವವರೆಗೆ ಜೊತೆಯಲ್ಲಿ ನಿಂತೆ.

‘ಮೌಶಿ, ಅವ್ರು ಯಾರೂ ಆಡಿಲ್ಲ. ಅದು ತಿಳೀತು,’ ಎಂದ. ‘ನೀವರ ಪೂರಾ ಆಡೀರಿಲ್ಲೋ?’

‘ಶೀಟಿನಲ್ಲಿ ಬರೆದಿದ್ದೇನಲ್ಲ ಗಿರೀಶ.’

‘ಶೀಟ್ ಬಿಡ್ರಿ.’

ಟ್ರೇನ್ ಬಂತು. ನಾನು ಉತ್ತರ ಕೊಡುವುದು ತಪ್ಪಿತು ಎಂದು ಆಗ ಅನ್ನಿಸಿದ ಸಮಾಧಾನವನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ವಿಷಯ ಅಲ್ಲಿಗೇ ನಿಂತಿದ್ದರೆ ಇದು ಅರ್ಧ ಪುಟದ ತಮಾಷೆ. ಆದರೆ ಜ್ಯೂರಿಯ ಮಾತುಗಳನ್ನು ಆಟದ ಪುಟದಲ್ಲಿ ದೊಡ್ಡದಾಗಿ ಹಾಕಿದರು. ಆಟವನ್ನು ಕೊಂಡ ಒಂದಿಬ್ಬರು, ಹೂವು ಎಲ್ಲಿ, ನಮಗೆ ರೊಟ್ಟಿ ಬಂತು, ಎಂದು ಕೆಳಗೆ ಬರೆದರು. ಆಟವನ್ನು ಹೊರದೇಶಗಳಲ್ಲಿ ಬಿಡುಗಡೆ ಮಾಡಬೇಕೆಂದಿದ್ದ ಪಬ್ಲಿಷರ್, ಆ ಹೂವಿನ ದೃಶ್ಯದ ವಿಡಿಯೋ ಕಳಿಸಿ ಎಂದರು. ಮಿಲಿಂದ್ ಮೀಟಿಂಗ್ ಕರೆದ. ರೊಟ್ಟಿ ತೆಗೆದು ಹೂವು ಹಾಕಿ, ಅಪ್‌ಡೇಟ್ ಬಿಡಬೇಕು ಎಂದ. ಅವಾರ್ಡಿನ ಮಾತಿಗೆ ಹೊಂದುವಂತೆ ಆಟವನ್ನು ತಿದ್ದುವುದು. ಇಪ್ಪತ್ತು ವರ್ಷಗಳಲ್ಲಿ ನಾನು ಬಗೆಬಗೆಯ ತಿದ್ದುಪಡಿ ನೋಡಿದ್ದೆ, ಇದು ಹೊಸದು.

ಗಿರೀಶ ಹಿಂದಿಯಲ್ಲಿ, ಸರ್, ಆ ರೊಟ್ಟಿ ನನ್ನ ಅಜ್ಜಿಯದು, ಎಂದಷ್ಟೇ ಹೇಳಿದ. ಶೀತಲ್ ತನ್ನ ಮರಾಠಿಯಲ್ಲಿ, ನಾಳೆ ಜ್ಯೂರಿ ಆನೆ ಅಂದರೆ ಚಾಳಿಗೆ ಆನೆ ತರಬೇಕೇ, ಎಂದು ಕೇಳಿದಳು. ಕೆಲವರು ನಕ್ಕರು. ಆಗ ನಾನು ಎದ್ದು ನಿಂತೆ. ತಪ್ಪು ನನ್ನದು, ಅರ್ಜಿ ನನ್ನದು, ಸಂಸ್ಥೆಗೆ ನಾನೇ ಪತ್ರ ಬರೆದು ತಿಳಿಸುತ್ತೇನೆ ಎಂದೆ.

ಮಿಲಿಂದ್ ಸಿಟ್ಟಾಗಲಿಲ್ಲ. ಕೆಟ್ಟವನೆಂದು ಬರೆದುಬಿಟ್ಟರೆ ನನಗೆ ಸುಲಭ, ಆದರೆ ಅವನು ಕೆಟ್ಟವನಲ್ಲ. ಪಬ್ಲಿಷರ್ ಕೈಬಿಟ್ಟರೆ ಮುಂದಿನ ವರ್ಷ ಈ ಕೋಣೆಯಲ್ಲಿರುವ ಅರ್ಧ ಜನರಿಗೆ ಕೆಲಸ ಇರುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು, ನಮಗೂ ಗೊತ್ತಿತ್ತು. ‘ಮ್ಯಾಡಮ್, ಯು ಆರ್ ರಿಟೈರಿಂಗ್ ಇನ್ ಮಾರ್ಚ್,’ ಎಂದ ಮೆಲ್ಲಗೆ. ‘ಒಂದು ಹೂವು ತಾನೆ? ಆ್ಯಂಡ್ ಫ್ರ್ಯಾಂಕ್ಲಿ, ಹೂವೇ ಚೆನ್ನಾಗಿ ಕಾಣುತ್ತೆ.’

ಪತ್ರ ಬರೆದೆ. ಅವಾರ್ಡಿನ ಸಂಸ್ಥೆಗೆ, ಸಹಿ ಹಾಕಿ, ಒಂದು ಪುಟ. ನಾನು ಆಡದೆ ಅರ್ಜಿ ಬರೆದೆ, ನೀವು ಆಡದೆ ಬಹುಮಾನ ಕೊಟ್ಟಿರಿ, ದಯವಿಟ್ಟು ನಿಮ್ಮ ಮಾತಿನಲ್ಲಿ ಹೂವಿನ ಬದಲು ರೊಟ್ಟಿ ಎಂದು ತಿದ್ದಿ, ಬೇಕಿದ್ದರೆ ಟ್ರೋಫಿ ವಾಪಸು ತೆಗೆದುಕೊಳ್ಳಿ ಎಂದು. ಟ್ರೋಫಿ ಹೋದರೆ ಕಂಪನಿಯಲ್ಲಿ ನನ್ನ ಮುಖ ಯಾರೂ ನೋಡುವುದಿಲ್ಲ ಎಂದು ಹೆದರಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ನಾಲ್ಕನೆಯ ದಿನ ಉತ್ತರ ಬಂತು. ನಿಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದ, ಮುಂದಿನ ವರ್ಷದ ಅರ್ಜಿಗಳು ಈಗಾಗಲೇ ತೆರೆದಿವೆ, ಬೇಗ ಸಲ್ಲಿಸಿ. ಪತ್ರವನ್ನೂ ಯಾರೂ ಓದಿರಲಿಲ್ಲ.

ಹೂವಿನ ಆವೃತ್ತಿ ಪರೀಕ್ಷೆಗೆ ನನ್ನ ಮೇಜಿಗೇ ಬಂತು. ಕೊನೆಯ ಕಲಮಿನಲ್ಲಿ ನಾನು, ಆ ಕಂಪನಿಯಲ್ಲಿ ಮೊದಲ ಬಾರಿಗೆ, ‘ಇಲ್ಲ’ ಎಂದು ಬರೆದೆ. ಶೀತಲ್ ನನ್ನ ಭುಜದ ಮೇಲಿನಿಂದ ಬಗ್ಗಿ ಓದಿ ತನ್ನ ಕುರ್ಚಿಗೆ ಹೋದಳು. ಶೀಟ್ ವಾಪಸು ಬರುತ್ತದೆಂದು ಕಾದೆ. ಬರಲಿಲ್ಲ. ಆ ಸಂಜೆಯೇ ಅಪ್‌ಡೇಟ್ ಹೋಯಿತು. ಇಪ್ಪತ್ತು ವರ್ಷ ನಾವು ಬರೆದ ಅಷ್ಟೂ ‘ಹೌದು’ಗಳನ್ನು ಓದಿದವರು ಯಾರೂ ಇರಲಿಲ್ಲ ಎಂಬುದು ನನಗೆ ತಿಳಿದದ್ದು ಆ ಒಂದು ‘ಇಲ್ಲ’ದಿಂದ.

ಗಿರೀಶ ಆ ತಿಂಗಳೇ ರಾಜೀನಾಮೆ ಕೊಟ್ಟ. ಜಗಳವಾಡಲಿಲ್ಲ. ಮುಂದಿನ ಅಪ್‌ಡೇಟಿನಲ್ಲಿ ಅವನ ಹೆಸರು ಕತೆಯ ಸಾಲಿನಿಂದ ಜಾರಿ ‘ವಿಶೇಷ ಕೃತಜ್ಞತೆ’ಗೆ ಇಳಿದಿತ್ತು, ಮೇಲೆ ನಮಗೆ ಕುಡಿಯುವ ನೀರಿನ ಕ್ಯಾನ್ ಕೊಡುತ್ತಿದ್ದವರು, ಕೆಳಗೆ ಮಧ್ಯಾಹ್ನದ ಊಟದ ಡಬ್ಬಾ ತರುತ್ತಿದ್ದವರು. ಅವರೂ ಕೃತಜ್ಞತೆಗೆ ಅರ್ಹರೇ, ಬೇಡ ಎನ್ನುವುದಿಲ್ಲ. ಟ್ರೋಫಿ ಶೋಕೇಸಿನಲ್ಲಿ ಉಳಿಯಿತು. ಪಬ್ಲಿಷರ್ ಆಟವನ್ನು ಕೊಂಡರು. ಅರ್ಧ ಜನರ ಕೆಲಸವೂ ಉಳಿಯಿತು, ಶೀತಲಳದೂ. ಇದನ್ನು ಬರೆಯದಿದ್ದರೆ ನಾನು ಮತ್ತೆ ಸುಳ್ಳು ಶೀಟ್ ತುಂಬಿದಂತಾಗುತ್ತದೆ.

ಮಾರ್ಚಿನಲ್ಲಿ ಬೀಳ್ಕೊಡುಗೆ. ಗೋಡೆ ಗಡಿಯಾರ ಕೊಡುವುದೆಂದು ಠರಾವಾಗಿತ್ತು. ನನಗೆ ಗಡಿಯಾರ ಬೇಡ, ನನ್ನ ಡ್ರಾಯರಿನಲ್ಲಿರುವ ಪರೀಕ್ಷೆಯ ಫೋನ್ ಕೊಡಿ ಎಂದೆ. ರೊಟ್ಟಿ ಇದ್ದ, ಮೊದಲು ಬಿಡುಗಡೆಯಾದ ಆವೃತ್ತಿ ಅದೊಂದರಲ್ಲಿ ಉಳಿದಿತ್ತು. ಚಾರ್ಜಿಂಗ್ ಕೆಟ್ಟು ಮೂಲೆಗೆ ಬಿದ್ದಿದ್ದರಿಂದ ಅದಕ್ಕೆ ಯಾವ ಅಪ್‌ಡೇಟೂ ತಲುಪಿರಲಿಲ್ಲ. ಮಿಲಿಂದ್, ಇದೇನು ಮ್ಯಾಡಮ್, ಹಳೇ ಡಬ್ಬಾ, ಎಂದು ನಕ್ಕು ಕೊಟ್ಟ. ಕೊಡುವಾಗ ನನ್ನ ಕಾಲಿಗೆ ನಮಸ್ಕಾರವನ್ನೂ ಮಾಡಿದ. ಅವನಿಗೆ ಗೊತ್ತಿತ್ತೋ ಇಲ್ಲವೋ, ಈಗಲೂ ಸಂಶಯ. ನೆರೂಳ ಸ್ಟೇಷನ್ ಹೊರಗಿನ ರಿಪೇರಿಯವನು ಚಾರ್ಜಿಂಗ್ ಸರಿಮಾಡಿದ. ಆದರೂ ಐದು ವರ್ಷ ನಾನು ಆ ಆಟವನ್ನು ತೆರೆಯಲಿಲ್ಲ. ಕಾಪಾಡಿದರೆ ಸಾಕು, ಆಡಬೇಕಾಗಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಸಂಘದ ಹುಡುಗಿಯರು ಬಂದುಹೋದ ಮೇಲೆ, ಅವರಿಗೆ ಬರೆಯಲು ಕೂತಾಗ, ನನ್ನ ಕೈ ಮುಂದೆ ಹೋಗಲಿಲ್ಲ. ಜ್ಯೂರಿ ಆಡಲಿಲ್ಲ ಎಂದು ಬರೆಯುವವಳು ತಾನು ಆಡಿದ್ದಾಳೆಯೇ? ಫೋನ್ ತೆಗೆದೆ. ಹನ್ನೊಂದು ಮಧ್ಯಾಹ್ನಗಳು ಬೇಕಾದವು. ಸಂಧಿವಾತದ ಹೆಬ್ಬೆರಳಿಗೆ ಹೊಲಿಗೆ ಕಷ್ಟ, ದಾರ ಜಾರಿ ಜಾರಿ ಹೋಗುತ್ತಿತ್ತು. ನಾಲ್ಕನೆಯ ಖೋಲಿಯಿಂದ ಮುಂದಿನದೆಲ್ಲ ನನಗೆ ಹೊಸತು. ಅಲ್ಲಿ ಬಣ್ಣ ಮುಗಿದು ಪೈಪು ಶುರುವಾಗುತ್ತದೆಂದು ನಾನು ಕಾದೆ, ಆಗಲಿಲ್ಲ. ಒಂಬತ್ತನೆಯ ಖೋಲಿಯಲ್ಲಿ ಬಟ್ಟೆ ಅಂಗಡಿಯ ಸೇಲ್ಸ್‌ಮನ್ ಒಬ್ಬ, ತನಗಾಗಿ ಎಂದೂ ಕೊಳ್ಳದ ಬಟ್ಟೆಯ ಸ್ಯಾಂಪಲ್ ತುಂಡನ್ನು ಕೊಡುತ್ತಾನೆ. ಅದು ಯಾರೆಂದು ನನಗೆ ಗೊತ್ತಾಯಿತು. ಗಿರೀಶ ಮೊದಲ ಖೋಲಿಗೆ ಎಷ್ಟು ಕಷ್ಟಪಟ್ಟಿದ್ದನೋ, ಯಾರೂ ಬಾರದ ಕೊನೆಯ ಖೋಲಿಗೂ ಅಷ್ಟೇ ಪಟ್ಟಿದ್ದ.

ಹನ್ನೊಂದನೆಯ ಮಧ್ಯಾಹ್ನ ಕೊನೆಯ ಮೂಲೆಗೆ ಬಂದೆ. ಮುದುಕಿ ಸೆರಗಿನಿಂದ ರೊಟ್ಟಿ ತೆಗೆದಳು. ಎರಡು ತುಂಡು ಮಾಡಿದಳು. ಒಂದನ್ನು ಕೌದಿಯೊಳಗೆ ಇಟ್ಟಳು. ಇನ್ನೊಂದನ್ನು ಪರದೆಯಿಂದ ಹೊರಕ್ಕೆ, ನನ್ನ ಕಡೆಗೆ ಚಾಚಿದಳು.

ಈ ಎರಡನೆಯ ತುಂಡಿನ ವಿಷಯ ನನಗೆ ಗೊತ್ತಿರಲಿಲ್ಲ. ಕತೆಯ ಹಾಳೆಗಳಲ್ಲಿ ಇರಲಿಲ್ಲ, ಮೀಟಿಂಗಿನಲ್ಲಿ ಯಾರೂ ಹೇಳಲಿಲ್ಲ. ಪರದೆಯಲ್ಲಿ ಇಲ್ಲಿ ಒತ್ತಿ ಎಂಬ ಸೂಚನೆಯೂ ಇಲ್ಲ. ಹಳೆಯ ಪರೀಕ್ಷಕಿಯ ಬುದ್ಧಿ ನೋಡಿ, ಆಟ ಸಿಕ್ಕಿಕೊಂಡಿರಬೇಕು ಎಂಬ ಸಂಶಯವೇ ನನಗೆ ಮೊದಲು ಬಂತು. ಗಡಿಯಾರ ನೋಡುತ್ತ ಕೂತೆ. ಮುದುಕಿಯ ಸೆರಗು ಗಾಳಿಗೆ ಅಲುಗುತ್ತಿತ್ತು, ಕೈ ಮಾತ್ರ ಚಾಚಿದಂತೆಯೇ ಇತ್ತು. ಐದು ನಿಮಿಷ, ಹತ್ತು ನಿಮಿಷ. ನನ್ನ ಇನ್ನೊಂದು ಫೋನಿನಿಂದ ಗಿರೀಶನಿಗೆ ಕರೆ ಮಾಡಿದೆ. ಅವನು ಈಗ ಅಂಬರನಾಥದ ಕಾರ್ಖಾನೆಗಳಿಗೆ ಕೆಲಸಗಾರರ ತರಬೇತಿಯ ಆಟಗಳನ್ನು ಮಾಡುತ್ತಾನೆ. ಫೋರ್ಕ್‌ಲಿಫ್ಟ್ ಓಡಿಸುವುದು, ಯಂತ್ರಕ್ಕೆ ಕೈ ಕೊಡದಿರುವುದು. ಅಲ್ಲಿ ಅವಾರ್ಡ್ ಇಲ್ಲ.

‘ಹೇಳ್ರಿ ಮೌಶಿ,’ ಎಂದ. ಹಿಂದೆ ಯಂತ್ರಗಳ ಸದ್ದು.

‘ಗಿರೀಶ, ಇವಳು ಕೈ ಚಾಚಿಕೊಂಡೇ ನಿಂತಿದ್ದಾಳೆ ಮಾರಾಯ. ಹ್ಯಾಂಗ್ ಆಗಿದೆಯಾ ಅಂತ.’

ಆ ಕಡೆ ಅವನು ಎಲ್ಲಿಗೋ ನಡೆದಿರಬೇಕು, ಸದ್ದು ಕಡಿಮೆಯಾಯಿತು.

‘ಕೊನೀ ಮೂಲಿಗೆ ಬಂದೀರಿ?’

‘ಬಂದೆ. ಈಗ. ಇದೇ ಮೊದಲು.’

ಬೈಯಲಿ ಎಂದು ಕಾದೆ. ಪುಣೆಯ ಬ್ಯಾಂಕ್ ಮ್ಯಾನೇಜರರಂತೆ ಹತ್ತು ನಿಮಿಷ ಬೈದರೂ ಕೇಳಲು ತಯಾರಿದ್ದೆ.

‘ಎಷ್ಟು ಹೊತ್ತು ಹೀಗೆ ನಿಂ­ತಿರ್ತಾಳೆ?’ ಎಂದು ನಾನೇ ಕೇಳಿದೆ.

‘ನೀವು ತೊಗೊಳ್ಳೋ ತನಕ, ಮೌಶಿ.’

ಬೆರಳಿನಿಂದ ಮುಟ್ಟಿ ತೆಗೆದುಕೊಂಡೆ. ಮುದುಕಿ ಕೈ ಇಳಿಸಿ, ಸೂಜಿ ಎತ್ತಿಕೊಂಡು, ಮೂಲೆಯನ್ನು ಹೊಲಿಯಲು ಕೂತಳು. ಹೊಲಿಯುವಾಗ ನನ್ನ ಬೆರಳು ನಿಧಾನವಾಯಿತೇ ಎಂದು ಗಮನಿಸಿದೆ. ಆಯಿತು, ಆದರೆ ಅದು ಸಂಧಿವಾತವೂ ಇರಬಹುದು.

ಹಳೆಯ ಖಾಲಿ ಶೀಟುಗಳ ಒಂದು ಪ್ಯಾಡ್ ನನ್ನ ಹತ್ತಿರ ಉಳಿದಿದೆ, ಹಾಲಿನ ಲೆಕ್ಕ ಬರೆಯಲು ತಂದದ್ದು. ಅದರಿಂದ ಒಂದು ಹಾಳೆ ಹರಿದು ಆಟದ ಹೆಸರು, ಆವೃತ್ತಿ, ನನ್ನ ಹೆಸರು ತುಂಬಿದೆ. ಕೊನೆಯ ಕಲಮಿಗೆ ಬಂದು, ಕನ್ನಡಕ ಒರೆಸಿಕೊಂಡು, ‘ಹೌದು’ ಎಂದು ಬರೆದು, ಕೆಳಗೆ ಸಹಿ ಹಾಕಿದೆ.